ವಿಂಧ್ಯಗಿರಿಯ ಮೆಟ್ಟಿಲು ಮತ್ತು ನನ್ನ ಮೊಣಕಾಲು

ಶ್ರವಣಬೆಳಗೊಳದ ಯಾತ್ರೆಯನ್ನು ಕುರಿತು ವಾಚಕರಿಗೆ ನಾನು ಹೊಸದಾಗಿ ಹೇಳುವಂಥದೇನೂ ಇಲ್ಲ. ಗೊಮ್ಮಟೇಶ್ವರನ ಎತ್ತರ 58 ಅಡಿಯಷ್ಟು, ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಅದನ್ನು ಮಾಡಿಸಿದನು ಎಂಬುದನ್ನು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ನಾನು ಬರೆಯಹೊರಟಿರುವುದು ಅಲ್ಲಿಯ ಮೆಟ್ಟಿಲುಗಳ ಬಗ್ಗೆ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಒಮ್ಮೆ ಆ ಮೆಟ್ಟಿಲುಗಳನ್ನು ಏರಲಾರದೆ ಹೋದ ನನ್ನ ಕಾಲುಗಳ ಬಗ್ಗೆ.

ಸೊಲ್ಲಾಪುರದಲ್ಲಿ ನಮ್ಮದು ಚಾದರ, ಟವೆಲ್ಲುಗಳ ವ್ಯಾಪಾರ. ಮ್ಯಾಟ್ರಿಕ್ ಮುಗಿದ ವರ್ಷವೇ ತಂದೆಯವರು ನನ್ನನ್ನು ಗಾದಿಯ ಮೇಲೆ ಕೂಡ್ರಿಸಿದರು. ಮಾಲು ಬಿಚ್ಚಿ ತೋರಿಸಲು ಹುಡುಗರು, ಗಂಟು ಹೊರಲು ಹಮಾಲರು, ಚಹಾ ತರಲು ಇನ್ನೊಬ್ಬ. ನಲವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ ವ್ಯಾಯಾಮವೆಂದರೆ ಖಾತೆಯ ಪುಟ ತಿರುವಿದ್ದು, ಫೋನು ಎತ್ತಿದ್ದು. ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ಹಾದಿ, ಅದಕ್ಕೂ ಸ್ಕೂಟರು. ಐವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ಐವತ್ತೆಂಟಕ್ಕೆ ಮೊಣಕಾಲು ನೋವು ಬಂತು. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ ಎಂದುಕೊಂಡೆ.

2019ರ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಬೆಳಗೊಳಕ್ಕೆ ಹೋದೆವು. ಚಪ್ಪಲಿ ಬಿಟ್ಟು ಏರತೊಡಗಿದ ಮೇಲೆ ಮೂವತ್ತು ಮೆಟ್ಟಿಲಿಗೇ ಏದುಸಿರು, ಮೊಣಕಾಲು ಹಿಡಿದುಕೊಂಡಿತು. ಮಗ ಕೆಳಗಿಳಿದು ಡೋಲಿ ಗೊತ್ತು ಮಾಡಿದ. ನಾಲ್ವರು ನನ್ನನ್ನು ಹೊತ್ತರು. ಮುಂದಿನ ಎಡಗಡೆಯವರ ತಲೆ ಪೂರ್ತಿ ಬೆಳ್ಳಗಾಗಿತ್ತು, ಕತ್ತಿನಿಂದ ಬೆವರು ಇಳಿಯುತ್ತಿತ್ತು. ದಣಿವಾರಿಸಿಕೊಳ್ಳಲು ಇಳಿಸಿದಾಗ ಕೇಳಿದೆ: "ನಿಮಗೆಷ್ಟು ವಯಸ್ಸಾತರೀ?"

"ಅರವತ್ತೊಂದು ತುಂಬ್ತು ಸ್ವಾಮಿ."

ನನಗೂ ಅಷ್ಟೇ. ಅಂದಿನ ದರ್ಶನದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಒಂದು ವರ್ಷ ಕದಲದೆ ಕಾಯೋತ್ಸರ್ಗದಲ್ಲಿ ನಿಂತ ಸ್ವಾಮಿಯ ಮುಂದೆ, ಒಂದು ಹೆಜ್ಜೆಯನ್ನೂ ಇಡದೆ ಬಂದು ನಿಂತಿದ್ದೆ.

ಊರಿಗೆ ಬಂದು ನಮ್ಮ ವೈದ್ಯರಿಗೆ ಹೇಳಿದೆ. ಅವರು ಹೊಸ ಔಷಧಿ ಬರೆಯಲಿಲ್ಲ. ಕುರ್ಚಿಯಲ್ಲಿ ಕೂಡ್ರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, ಹಾಗೆಯೇ ಎದ್ದು ಕೂಡಲು ಹೇಳಿದರು. ನಾಲ್ಕನೆಯ ಸಲಕ್ಕೆ ನಾನು ಕುರ್ಚಿಯ ಕೈ ಹಿಡಿದೆ. "ಸಾಹುಕಾರ್ರೇ, ಮೊಣಕಾಲು ಸವೆದದ್ದು ನಿಜ. ಆದರೆ ಅದನ್ನು ಎತ್ತಿ ಹಿಡಿಯಬೇಕಾದ ತೊಡೆಯ ಸ್ನಾಯುವೇ ಕರಗಿದೆ. ಬಳಸದ ಸ್ನಾಯು ವಯಸ್ಸಾದಂತೆ ಬೇಗ ಕರಗುತ್ತದೆ. ಬಳಸಿದರೆ ಈ ವಯಸ್ಸಿನಲ್ಲೂ ತಿರುಗಿ ಬಲಿಯುತ್ತದೆ" ಎಂದರು. ನೋವಿದೆಯೆಂದು ಕೂತಷ್ಟೂ ನೋವು ಹೆಚ್ಚುತ್ತದೆ ಎಂಬ ಈ ಮಾತು ನನಗೆ ತಲೆಕೆಳಗಾದ ಲೆಕ್ಕದಂತೆ ಕಂಡಿತು. ನಡೆದಾಗ ಸ್ನಾಯುಗಳು ರಕ್ತದೊಳಗಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಊಟವಾದ ಮೇಲೆ ಸ್ವಲ್ಪ ಅಡ್ಡಾಡಿದರೂ ಲಾಭವಿದೆ ಎಂದೂ ತಿಳಿಸಿದರು.

ಕೆಲವೇ ತಿಂಗಳಲ್ಲಿ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂತು. ಅಂಗಡಿಗೆ ಬೀಗ. ನಮ್ಮ ಮನೆಯ ಮಾಳಿಗೆಗೆ 22 ಮೆಟ್ಟಿಲು. ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ? ವಿಂಧ್ಯಗಿರಿಯ ಮೆಟ್ಟಿಲು ಒಬ್ಬರು 620 ಎನ್ನುತ್ತಾರೆ, ಇನ್ನೊಬ್ಬರು 650 ಎನ್ನುತ್ತಾರೆ. ದೊಡ್ಡದನ್ನೇ ಹಿಡಿದು ಭಾಗಿಸಿದೆ, ಮಾಳಿಗೆಯನ್ನು 30 ಸಲ ಏರಿದರೆ ಬೆಟ್ಟ ಏರಿದಂತಾಯಿತು. ಮೊದಲ ದಿನ ಎರಡು ಸಲ ಏರಿ ಕುಳಿತುಬಿಟ್ಟೆ. ವಾರಕ್ಕೊಂದು ಸಲ ಹೆಚ್ಚಿಸುತ್ತ ಹೋಗಿ, ಹಳೆಯ ಖಾತೆಪುಸ್ತಕವೊಂದರಲ್ಲಿ ಜಮಾ ಬರೆಯುತ್ತಿದ್ದೆ. ನೋವು ಹೆಚ್ಚಾದ ವಾರ ಖರ್ಚಿನ ಬದಿಗೂ ಬರೆದದ್ದುಂಟು.

2021ರ ಕೊನೆಗೆ ಸಿದ್ಧೇಶ್ವರ ಕೆರೆಯ ಕಡೆಗೆ ನಡೆಯಲು ಹೊರಟೆ. ನಮ್ಮೂರ ಬೇಸಿಗೆ ತಿಳಿದದ್ದೇ, 42 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಆರರೊಳಗೆ ಮುಗಿಸಿಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೊರಡಿಸಿದ ಸೂಚನೆಯನ್ನು ಮೊಮ್ಮಗಳು ಓದಿ ಹೇಳಿದಳು. ಅರವತ್ತೈದು ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಬೇಕು, ಬೀಳದಂತೆ ತೋಲ ಕಾಯ್ದುಕೊಳ್ಳುವ ಅಭ್ಯಾಸ ಮೂರು ದಿನ ಬೇಕು. ಈ ಮೂರನೆಯದನ್ನು ನಮ್ಮವರು ಯಾರೂ ಮಾಡುವುದಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರನ್ನು ನಮ್ಮ ಓಣಿಯಲ್ಲೇ ಮೂವರನ್ನು ಕಂಡಿದ್ದೇನೆ.

2024ರ ಜನವರಿಯಲ್ಲಿ ನಾವಿಬ್ಬರೇ ಹೊರಟೆವು. ಸೊಲ್ಲಾಪುರದಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಹಾಸನದ ರೈಲು. ಬೆಳಗೊಳಕ್ಕೇ ಸ್ಟೇಶನ್ ಆಗಿರುವುದು ಬಲು ಅನುಕೂಲ.

ದರ್ಶನವಾಗುವವರೆಗೆ ನೀರೂ ಮುಟ್ಟಬಾರದೆಂದು ನನ್ನ ಮನಸ್ಸಿನಲ್ಲಿತ್ತು. ಇಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು. "ಡಾಕ್ಟರ್ ಏನ್ ಹೇಳ್ಯಾರ ನೆನಪೈತೇನ್ರೀ?" ಎಂದರು ಮನೆಯವರು. ನಾನು ನುಂಗುವ ಗುಳಿಗೆ ಸಕ್ಕರೆಯನ್ನು ತಗ್ಗಿಸುವ ಜಾತಿಯದು. ಅದನ್ನು ನುಂಗಿ ಖಾಲಿ ಹೊಟ್ಟೆಯಲ್ಲಿ ಬೆಟ್ಟ ಏರಿದರೆ ಸಕ್ಕರೆ ತೀರ ಕೆಳಗಿಳಿದು ಕಣ್ಣು ಕತ್ತಲೆ ಬರಬಹುದು, ಎಚ್ಚರವೂ ತಪ್ಪಬಹುದು. ವ್ರತವಿದ್ದ ದಿನ ಗುಳಿಗೆ ಹೇಗೆಂಬುದನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು, ತಾನಾಗಿ ಬಿಡಲೂಬಾರದು. ನಮ್ಮ ಸಮಾಜದಲ್ಲಿ ಉಪವಾಸ ಮಾಡುವ ಹಿರಿಯರು ಬಹಳ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಕೊನೆಗೆ ಸೂರ್ಯೋದಯವಾದ ಮೇಲೆ ತಿಂಡಿ ತಿಂದು, ಕಿಸೆಯಲ್ಲಿ ಬೆಲ್ಲ ಇಟ್ಟುಕೊಂಡು ಹೊರಟೆವು.

ಬಂಡೆಯಲ್ಲೇ ಕಡಿದ ಮೆಟ್ಟಿಲು ಬೆಳಗಿನ ಹೊತ್ತು ತಣ್ಣಗಿರುತ್ತದೆ. ಕಾಲಿಗೆ ಹಿತ. ಮಾತಾಡಲು ಬರುವಷ್ಟು, ಹಾಡಲು ಬಾರದಷ್ಟು ಉಸಿರು ಇರಬೇಕೆಂಬುದು ವೈದ್ಯರ ಅಳತೆ. ಅದನ್ನು ಮೀರಿದಾಗಲೆಲ್ಲ ಮನೆಯವರು, "ಕೂಡ್ರೀ ಒಂದೀಟು, ಬೆಟ್ಟ ಎಲ್ಲೂ ಹೋಗಂಗಿಲ್ಲ" ಎನ್ನುತ್ತಿದ್ದರು. ಎದೆ ಹಿಡಿದರೆ ಮಾತ್ರ ಕೂತು ಏಳುವ ಮಾತಿಲ್ಲ, ಅಲ್ಲಿಗೇ ನಿಲ್ಲಿಸಿ ಸಹಾಯ ಕರೆಯಬೇಕು. ನನಗೆ ಹಾಗೇನೂ ಆಗಲಿಲ್ಲ. ಎಣಿಕೆ ಇನ್ನೂರರ ನಂತರ ತಪ್ಪಿತು. ಕೂತಲ್ಲೆಲ್ಲ ಕೆಳಗೆ ಕಲ್ಯಾಣಿಯ ನೀರು, ಎದುರಿಗೆ ಚಂದ್ರಗಿರಿ. ಹೋದ ಸಲ ಡೋಲಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವನಿಗೆ ಇವೆಲ್ಲ ಕಂಡಿರಲೇ ಇಲ್ಲ. ಒದೆಗಲ್ ಬಸದಿ, ತ್ಯಾಗದ ಕಂಬ, ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲು, ಒಂದೊಂದರ ಮುಂದೂ ನಿಂತು ನೋಡಿದೆ. 52 ನಿಮಿಷ ಹಿಡಿಯಿತು, ಐದು ಸಲ ಕೂತೆ. ಸ್ವಾಮಿಯ ಪಾದದ ಮುಂದೆ ನಿಂತಾಗ ಕಾಲು ನಡುಗುತ್ತಿತ್ತು, ಕಣ್ಣೂ ತುಂಬಿತ್ತು. ಹೆಚ್ಚು ಬರೆಯಲಾರೆ.

ಇಳಿಯುವುದು ಸುಲಭವೆಂದು ತಿಳಿಯಬೇಡಿ. ಏರುವಾಗ ಕಷ್ಟ ಉಸಿರಿಗೆ, ಇಳಿಯುವಾಗ ಮೊಣಕಾಲಿಗೆ. ಕಂಬಿ ಹಿಡಿದು, ಅವಸರ ಮಾಡದೆ ಇಳಿಯಬೇಕು. ಎರಡು ದಿನ ತೊಡೆ ನೋಯಿತು. ಸಕ್ಕರೆ ಗುಳಿಗೆಯೂ ನಿಂತಿಲ್ಲ, ಪ್ರಮಾಣ ಕಡಿಮೆಯಾಗಿದೆ ಅಷ್ಟೇ.

ಕೆಳಗೆ ಡೋಲಿಯವರಲ್ಲಿ ಆ ಬೆಳ್ಳಗಿನ ತಲೆಯವರನ್ನು ವಿಚಾರಿಸಿದೆ. "ಈಗ ಬರೋಲ್ಲ ಸ್ವಾಮಿ, ಮಂಡಿ ಹೋಯ್ತು" ಎಂದರು ಒಬ್ಬರು. ಮನೆ ಅಲ್ಲೇ ಹತ್ತಿರ. ನಾವು ತಂದಿದ್ದ ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆವು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಎಷ್ಟು ಮಂದಿಯನ್ನು ಹೊತ್ತಿದ್ದಾರೋ! ನಾನು ಕೂತು ಕೆಡಿಸಿಕೊಂಡದ್ದನ್ನು ಅವರು ಹೊತ್ತು ಕೆಡಿಸಿಕೊಂಡಿದ್ದರು. "ಇಷ್ಟು ವರ್ಷ ಬೆಟ್ಟ ಹತ್ತಿದೋನಿಗೆ ಎಂಥ ವ್ಯಾಯಾಮ ಸ್ವಾಮಿ?" ಎಂದು ನಕ್ಕರು. ಜಗಲಿಯ ಮೇಲೆ ಅವರ ಪಕ್ಕ ಕುಳಿತು, ಕೈ ಕಟ್ಟಿ ಎದ್ದು ಕೂಡುವುದನ್ನು ತೋರಿಸಿದೆ. ಅವರು ಕಂಬ ಹಿಡಿದು ಐದು ಸಲ ಎದ್ದರು. ಒಳಗಿನಿಂದ ಅವರ ಮನೆಯವರೂ ನಮ್ಮವರೂ ಇಣುಕಿ ನೋಡಿ ನಗುತ್ತಿದ್ದರು.