ಹೊನ್ನೆಲೆಯ ಮರ ಮತ್ತು ಹೊನ್ನೂರಿನ ತಾಯಿ

ಯಳಂದೂರು ಸೀಮೆಯ ಹೊನ್ನೂರಿನ ಹೆಸರಿನಲ್ಲಿಯೇ ಹೊನ್ನಿದೆ. ಆ ಸೀಮೆಯಲ್ಲಿ ಹರಿಯುವ ಸುವರ್ಣಾವತಿಯನ್ನೂ ಜನರು ಹೊನ್ನುಹೊಳೆ ಎಂದೇ ಕರೆಯುತ್ತಾರೆ. ಆ ಊರಿನ ಮಗನೊಬ್ಬರು ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೋ ನಗರದಲ್ಲಿ ನೆಲೆಸಿದ್ದಾರೆ. ತಂದೆಯವರು ಲಿಂಗೈಕ್ಯರಾದಾಗ ಸಕಾಲಕ್ಕೆ ಊರು ಸೇರಲಾಗದ ನೋವು ಅವರನ್ನು ಬಹುವಾಗಿ ಕಾಡಿತು. ಮುಂದಿನ ವಸಂತದಲ್ಲಿ ತಂದೆಯವರ ನೆನಪಿಗಾಗಿ ಮನೆಯ ಹಿತ್ತಲಿನಲ್ಲಿ ಎರಡು ಸಸಿಗಳನ್ನು ನೆಟ್ಟರು. ಒಂದು ಹೊಂಬಣ್ಣದ ಎಲೆಯ ಡಾನ್ ರೆಡ್‌ವುಡ್; ಇನ್ನೊಂದು ಅದೇ ಜಾತಿಯ, ಹಸಿರಿನ ನಡುವೆ ಬಿಳಿ ಮಚ್ಚೆಗಳಿರುವ ತಳಿ. ಹೊಂಬಣ್ಣದ ತಳಿ ಜಪಾನಿನದು. ಅಲ್ಲಿ ಅದಕ್ಕೆ ‘ಓಗೊನ್’ ಎಂದು ಹೆಸರು. ಅದರ ಅರ್ಥವೂ ಹೊನ್ನು ಎಂದೇ. ಹೊನ್ನೂರಿನವರಿಗೆ ಇದಕ್ಕಿಂತ ತಕ್ಕ ಮರ ಬೇಕೆ!

ಈ ಮರದ ಕಥೆ ವಿಸ್ಮಯಕರವಾದುದು. 1941ರಲ್ಲಿ ಜಪಾನಿನ ವಿಜ್ಞಾನಿ ಶಿಗೆರು ಮಿಕಿಯವರು ಕಲ್ಲಾದ ಎಲೆ ಕಾಯಿಗಳನ್ನು ನೋಡಿ, ಅಳಿದುಹೋದ ಜಾತಿಯೆಂದು ಇದನ್ನು ವರ್ಣಿಸಿದರು. ಆದರೆ ಚೀನಾ ದೇಶದ ಒಳನಾಡಿನ ಒಂದು ಹಳ್ಳಿಯಲ್ಲಿ ಅದು ಜೀವಂತವಾಗಿಯೇ ಇತ್ತು. ಬುಡದಲ್ಲಿ ಪುಟ್ಟ ಗುಡಿ ಕಟ್ಟಿಕೊಂಡು ಹಳ್ಳಿಗರು ಅದನ್ನು ಪೂಜಿಸುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯನ್ನು ಕಂಡವರಿಗೆ ಇದು ಹೊಸದೆನಿಸದು. ಪಂಡಿತರು ಕಲ್ಲಿನಲ್ಲಿ ಹುಡುಕಿದ್ದನ್ನು ಹಳ್ಳಿಯ ಭಕ್ತರು ನೆರಳಿನಲ್ಲಿ ಕುಳಿತು ಬಲ್ಲವರಾಗಿದ್ದರು. 1948ರಲ್ಲಿ ಅದರ ಬೀಜಗಳು ಹೊರದೇಶಗಳಿಗೆ ಹೋದವು. ಹಿಲ್ಸ್‌ಬರೋಗೆ ಸಮೀಪದ ಪೋರ್ಟ್‌ಲ್ಯಾಂಡಿನ ಹಾಯ್ಟ್ ವನದಲ್ಲಿ ಬೆಳೆದ ಮರವೊಂದು 1952ರಲ್ಲಿ ಕಾಯಿ ಬಿಟ್ಟಿತು. ಒಂದು ಕಾಲಕ್ಕೆ ಆ ನೆಲದ್ದೇ ಆಗಿದ್ದ ಮರ ಲಕ್ಷಾಂತರ ವರ್ಷಗಳ ತರುವಾಯ ಮರಳಿತು ಎನ್ನಬೇಕು. 2005ರಲ್ಲಿ ಆರೆಗಾನ್ ತನ್ನ ರಾಜ್ಯ ಪಳೆಯುಳಿಕೆಯಾಗಿ ಇದನ್ನೇ ಆರಿಸಿಕೊಂಡಿತು.

ಸಸಿಗಳು ಬೇಸಿಗೆಯೆಲ್ಲ ಚೆನ್ನಾಗಿ ಬೆಳೆದವು. ನವೆಂಬರಿನಲ್ಲಿ ತಾಯಿಯವರು ಹೊನ್ನೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಾಗ ಹೊನ್ನೆಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎರಡೇ ವಾರಗಳಲ್ಲಿ ಎಲೆಗಳು ಸಣ್ಣ ಕಡ್ಡಿಗಳ ಸಮೇತ ಉದುರಿ ಮರ ಬೋಳಾಯಿತು. ಪೈನ್ ಮರದ ಬಳಗದ್ದು ಎಂದಮೇಲೆ ಸದಾ ಹಸಿರಾಗಿಯೇ ಇರಬೇಕೆಂದು ಎಲ್ಲರೂ ತಿಳಿಯುವುದು ಸಹಜ. ಆ ದೇಶಗಳಲ್ಲಿ ಸತ್ತಿತೆಂದು ಭಾವಿಸಿ ಇದನ್ನು ಕಡಿದುಹಾಕಿದವರೂ ಉಂಟು. ಮಗನಿಗೆ ತಂದೆಯವರನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು. ಕಿತ್ತು ಬೇರೆಯದನ್ನು ನೆಡೋಣವೆಂದು ಸೊಸೆ ಸೂಚಿಸಿದರು. ತಾಯಿಯವರು ಏನೂ ಹೇಳದೆ ಹಿತ್ತಲಿಗೆ ಹೋಗಿ, ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿದರು.

“ಸತ್ತಿಲ್ಲ ಕನಪ್ಪ, ಒಳಗ ಹಸಿ ಅದ. ನಮ್ಮ ಬೂರುಗದ ಮರ ಬೋಳಾಗದಿಲ್ವ?” ಎಂದರು.

ಮಾರ್ಚಿ ತಿಂಗಳಲ್ಲಿ ಮೊಗ್ಗು ಒಡೆದು ಏಪ್ರಿಲಿನಲ್ಲಿ ಮರ ಮತ್ತೆ ಹೊನ್ನಾಯಿತು. ಒಂದು ಸಸಿಯನ್ನು ಊರಿಗೆ ಒಯ್ಯಬೇಕೆಂಬ ಆಸೆ ತಾಯಿಗೆ ಹುಟ್ಟಿದ್ದೂ ಆಗಲೇ. ಮಗ ತಡೆದರು. ಅನುಮತಿಪತ್ರವಿಲ್ಲದೆ ಸಸಿಗಳನ್ನು ಭಾರತದೊಳಕ್ಕೆ ತರುವಂತಿಲ್ಲ ಎಂಬುದಿರಲಿ, ಚಳಿಗಾಲದ ಗಾಢ ನಿದ್ರೆಯಿಲ್ಲದೆ ಈ ಮರ ಏಳಿಗೆಯಾಗದು. ಬೇರಿಗೆ ಸದಾ ತೇವ ಬೇಕು. ಯಳಂದೂರಿನ ಬಿಸಿಲಿಗೆ ಹೊಂಬಣ್ಣದ ಎಲೆ ಕರಕಾಗುತ್ತದೆ. ಎಲೆಗೆ ಹಸಿರೇ ಅಡುಗೆಮನೆ. ಹೊನ್ನೆಲೆಯಲ್ಲಿ ಅದು ಕಡಿಮೆ, ಬಿಳಿ ಮಚ್ಚೆಯಲ್ಲಿ ಇಲ್ಲವೇ ಇಲ್ಲ. ಅಂದದ ಎಲೆ ಹಸಿವಿನ ಎಲೆಯೂ ಹೌದು! ಬೇರನ್ನು ಮರದ ಬಾಯಿಯಾಗಿ ಕಂಡವರು ಬಸವಣ್ಣನವರು. ಆ ಬಾಯಿಗೆರೆದ ನೀರನ್ನು ಅನ್ನವಾಗಿಸುವುದು ಮಾತ್ರ ಮೇಲಿನ ಹಸಿರೇ.

ಮೇ ತಿಂಗಳ ಮೊದಲಿಗೆ ಮಚ್ಚೆಯ ಮರದಲ್ಲಿ ಮಚ್ಚೆಯೇ ಇಲ್ಲದ ಅಚ್ಚ ಹಸಿರಿನ ಚಿಗುರೊಂದು ಎದ್ದು, ಉಳಿದ ರೆಂಬೆಗಳನ್ನು ಮೀರಿ ಬೆಳೆಯತೊಡಗಿತು. ಇಂತಹ ಚಿಗುರು ಬಲಶಾಲಿ; ಬಿಟ್ಟರೆ ಇಡೀ ಮರವನ್ನೇ ಆವರಿಸಿ ಮಚ್ಚೆಯ ತಳಿಯನ್ನು ಅಳಿಸಿಬಿಡುತ್ತದೆ. ಆದುದರಿಂದ ಬುಡಕ್ಕೇ ಕತ್ತರಿಸಬೇಕು. ಇದನ್ನೆಲ್ಲ ಓದಿ ತಿಳಿದಿದ್ದ ಮಗನಿಗೆ ಕೈಯೇ ಬರಲಿಲ್ಲ. ತಂದೆಯವರ ಹೆಸರಿನ ಮರದಲ್ಲಿ ಎಲ್ಲಕ್ಕಿಂತ ಸೊಂಪಾದ ರೆಂಬೆಯನ್ನೇ ಕಡಿಯುವುದು ಹೇಗೆ? ಮೂರು ದಿನ ಕತ್ತರಿ ಹಿಡಿದು ಹೋಗಿ ಹಾಗೆಯೇ ಮರಳಿದರು.

ನಾಲ್ಕನೆಯ ದಿನ ತಾಯಿಯವರೇ ಕತ್ತರಿ ತೆಗೆದುಕೊಂಡರು. ರೇಷ್ಮೆಗಾಗಿ ನಲವತ್ತು ವರ್ಷ ಹಿಪ್ಪುನೇರಳೆ ಸವರಿದ ಕೈ ಅದು. ಒಂದೇ ಏಟಿಗೆ, ಬುಡ ಸಮನಾಗಿ ಕತ್ತರಿಸಿದರು. ಕತ್ತರಿಸಿದ ಹಸಿರು ಕಡ್ಡಿಯನ್ನು ಎಸೆಯಲಿಲ್ಲ. ಕೆಳಗಿನ ಎಲೆಗಳನ್ನು ಕಿತ್ತು, ಒದ್ದೆ ಮರಳು ತುಂಬಿದ ಕುಂಡದಲ್ಲಿ ಚುಚ್ಚಿ, ನೆರಳಿನಲ್ಲಿಟ್ಟು, ದಿನವೂ ನೀರು ಚಿಮುಕಿಸಬೇಕೆಂದು ಸೊಸೆಗೆ ಹೇಳಿ ಊರಿಗೆ ಹೊರಟರು.

ಈ ಜಾತಿ ಕಡ್ಡಿಯಿಂದ ಸುಲಭವಾಗಿ ಬರುತ್ತದೆ. ಜುಲೈ ತಿಂಗಳಲ್ಲಿ ಸೊಸೆ ಹೊನ್ನೂರಿಗೆ ದೂರವಾಣಿ ಮಾಡಿ, “ಅತ್ತೆ, ಬೇರು ಬಂದದೆ” ಎಂದರು.