ಹೇಗೂ ಕ್ಯಾರಿಯರ್ ಉಂಟಲ್ಲ

ಬೈಕಿನ ಹಿಂದೆ ನಾಲ್ಕು ಕಬ್ಬಿಣದ ಸರಳು ಕೂರಿಸಿಕೊಂಡ ದಿನದಿಂದ ಮನುಷ್ಯ ಸ್ವಂತಕ್ಕೆ ಉಳಿಯುವುದಿಲ್ಲ, ಊರಿನವನಾಗುತ್ತಾನೆ. ಆರ್‌ಸಿಯಲ್ಲಿ ಮಾಲೀಕನ ಹೆಸರು ಯಾರದ್ದೇ ಇರಲಿ, ಕ್ಯಾರಿಯರ್ ಮಾತ್ರ ವಠಾರದ ಸೊತ್ತು. ಮಂಗಳೂರಿನ ಪಡೀಲಿನಲ್ಲಿ ನಮ್ಮ ಮನೆಯ ಗೇಟಿನ ಹತ್ತಿರ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿದ್ದೇ ತಡ, ಕಂಪೌಂಡಿನ ಆಚೆಯಿಂದ ಒಂದು ಸ್ವರ ಬರುತ್ತದೆ: "ಪೇಟೆಗಾ? ಬರ್ತಾ ಒಂದು ಹತ್ತು ಕಿಲೋ ಕುಚ್ಚಲಕ್ಕಿ ತರ್ಲಿಕ್ಕೆ ಆಗ್ತದಾ? ಹೇಗೂ ಕ್ಯಾರಿಯರ್ ಉಂಟಲ್ಲ." ಅಕ್ಕಿ ತರಬಹುದು. ಆ ಕೊನೆಯ ಮಾತಿಗೆ ಉತ್ತರ ಮಾತ್ರ ಇನ್ನೂ ಯಾರಿಗೂ ಹೊಳೆದಿಲ್ಲ.

ಪಡೀಲ್ ಎಂದರೆ ಸಾಮಾನು ಹಾದುಹೋಗುವ ಜಾಗ. ರೈಲು ಇಲ್ಲಿ ಕವಲೊಡೆಯುತ್ತದೆ. ಒಂದು ಹಳಿ ಸುಬ್ರಹ್ಮಣ್ಯ ರೋಡ್ ದಾಟಿ ಘಟ್ಟ ಹತ್ತಿ ಹಾಸನಕ್ಕೆ, ಇನ್ನೊಂದು ತೋಕೂರಿಗೆ ಹೋಗಿ ಕೊಂಕಣ ರೈಲ್ವೆಗೆ. ಡಾಮರು ರಸ್ತೆಯೂ ಅದೇ ಜಾಯಮಾನದ್ದು. ನಂತೂರಿನಿಂದ ಬಂದದ್ದು ಇಲ್ಲಿಂದ ಅಡ್ಯಾರ್, ಫರಂಗಿಪೇಟೆ, ಬಿ.ಸಿ.ರೋಡ್ ಹಿಡಿದು ಶಿರಾಡಿಯ ಕಡೆಗೆ ನಡೆಯುತ್ತದೆ. ದೊಡ್ಡ ಸಾಮಾನನ್ನು ರೈಲು ಮತ್ತು ಲಾರಿ ನೋಡಿಕೊಳ್ಳುತ್ತವೆ. ಅವು ಹೊರಲು ಒಪ್ಪದ ಸಾಮಾನನ್ನು ಬೈಕು ಹೊರುತ್ತದೆ. ಸಂಜೆ ರೈಲ್ವೆ ಅಂಡರ್‌ಪಾಸಿನ ಬಳಿ ಒಂದು ಚಾ ಕುಡಿಯುವಷ್ಟು ಹೊತ್ತು ನಿಂತರೆ ಸಾಕು. ಇಪ್ಪತ್ತು ಅಡಿಯ ಪಿವಿಸಿ ಪೈಪು ಹೆಗಲ ಮೇಲಿಟ್ಟುಕೊಂಡು ಹಿಂದೆ ಕೂತವನು, ಅಲ್ಯೂಮಿನಿಯಂ ಏಣಿಯ ಎರಡು ಮೆಟ್ಟಿಲ ನಡುವೆ ತಲೆ ತೂರಿಸಿ ಅದನ್ನು ಮಾಲೆಯಂತೆ ಹಾಕಿಕೊಂಡ ಪೈಂಟರ್, ಆದಿತ್ಯವಾರವಾದರೆ ಚೀಲದಿಂದ ಕತ್ತು ಹೊರಹಾಕಿ ಟ್ರಾಫಿಕ್ ಪೊಲೀಸರನ್ನೇ ದುರುಗುಟ್ಟಿ ನೋಡುವ ಅಂಕದ ಕೋಳಿ, ಎಲ್ಲ ಕಾಣಸಿಗುತ್ತವೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತಾಗ ಮಾತ್ರ ಈ ಮೆರವಣಿಗೆಗೆ ಸ್ವಲ್ಪ ತಡೆ.

ನಾನು ಸಣ್ಣವನಿರುವಾಗ ಇಂಥ ಹೊರೆಯೆಲ್ಲ ಬಸ್ಸಿನ ಟಾಪಿಗೆ ಹೋಗುತ್ತಿತ್ತು. ಸರ್ವಿಸ್ ಬಸ್ಸಿನ ಹಿಂದೆ ಏಣಿ, ಮೇಲೆ ಉದ್ದಕ್ಕೂ ಕಬ್ಬಿಣದ ಕಟಾಂಜನ. ಕ್ಲೀನರ್ ಹುಡುಗ ಹಲಸಿನಹಣ್ಣನ್ನು ತಲೆಯ ಮೇಲಿಟ್ಟುಕೊಂಡು, ಬಸ್ಸು ಹೊರಟ ಮೇಲೆ ಏಣಿ ಹತ್ತುತ್ತಿದ್ದ. ಬಾಳೆಗೊನೆ, ಅಡಿಕೆ ಗೋಣಿ, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಬಾಯಿಗೆ ಬಟ್ಟೆ ಕಟ್ಟಿದ ಜೇನುಪೆಟ್ಟಿಗೆಯೂ ಟಾಪಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಆಮೇಲೆ ಬಸ್ಸುಗಳ ಟಾಪು ಬೋಳಾಯಿತು, ಟೈಮಿಂಗ್ ಬಿಗಿಯಾಯಿತು, ಗೋಣಿ ಕಂಡರೆ ಕಂಡಕ್ಟರ್ ಮುಖ ಆಚೆ ತಿರುಗಿಸತೊಡಗಿದ. ಹೊರೆ ಮಾತ್ರ ಕಡಿಮೆಯಾಗಲಿಲ್ಲ. ಅದು ಟಾಪಿನಿಂದ ಇಳಿದು ಭಾವನ ಬೈಕಿನ ಹಿಂದೆ ಕೂತಿತು.

ಪ್ರತಿ ಸಂಸಾರದಲ್ಲೂ ಇಂಥ ಒಬ್ಬ ಭಾವ ಇರುತ್ತಾನೆ. ನಮ್ಮ ಭಾವನದ್ದು ಹೀರೋ ಹೋಂಡಾ ಸ್ಪ್ಲೆಂಡರ್. ಆ ಗಾಡಿ 1994ರಲ್ಲಿ ಮಾರುಕಟ್ಟೆಗೆ ಬಂದಾಗ ಜನ ಮಾತಾಡಿದ್ದೆಲ್ಲ ಮೈಲೇಜಿನ ಬಗ್ಗೆ. ನಮ್ಮ ಮನೆಯ ಹೆಂಗಸರು ನೋಡಿದ್ದು ಮಾತ್ರ ಸೀಟಿನ ಹಿಂದಿನ ಆ ಅಂಗೈಯಗಲದ ಕ್ಯಾರಿಯರನ್ನು. ಕಂಪೆನಿ ಕೊಟ್ಟದ್ದು ಒಂದು ಟಿಫಿನ್ ಡಬ್ಬಿ ಮತ್ತು ಮಡಚಿದ ರೈನ್‌ಕೋಟಿಗೆ ಸಾಕು. ನಮ್ಮತ್ತೆ ಅದರ ಮೇಲೆ ತಂಗಿಯ ಮನೆಗೆ ಹಲಸಿನಹಣ್ಣು ಕಳಿಸಿದರು. ಅಕ್ಕ ಬೀಡಿ ಬ್ರಾಂಚಿಗೆ ಬೀಡಿ ಕಟ್ಟು ಕಳಿಸಿದಳು, ಬರುವಾಗ ಅಲ್ಲಿಂದ ಎಲೆ, ಹೊಗೆಸೊಪ್ಪು ಬಂತು. ಭಾವ ಒಂದು ದಿನವೂ ಆಗುವುದಿಲ್ಲ ಎನ್ನಲಿಲ್ಲ. "ಇಡಿ" ಎನ್ನುತ್ತಿದ್ದರು, ಇಟ್ಟದ್ದು ಎಂತ ಎಂದು ತಿರುಗಿ ನೋಡುತ್ತಲೂ ಇರಲಿಲ್ಲ. ಗಾಡಿ ಸ್ವಲ್ಪ ಕೆಳಗೆ ಕುಸಿಯುತ್ತಿತ್ತು, ಅವರಿಗೆ ಲೆಕ್ಕ ಸಿಗುತ್ತಿತ್ತು.

ಅಂಗೈಯಗಲ ಸಾಲದಾದಾಗ ಭಾವ ವೆಲ್ಡಿಂಗ್ ಅಂಗಡಿಗೆ ಹೋದರು. ಇಂಥ ಅಂಗಡಿಯ ಕೆಲಸ ಹತ್ತಿರದಿಂದ ನೋಡಬೇಕು. ಅಳತೆಗೆ ಟೇಪು ಇಲ್ಲ. ಯಜಮಾನರು ಸೀಟಿನ ಮೇಲೆ ಗೇಣು ಹಾಕಿ, ಒಂದು ಕಣ್ಣು ಮುಚ್ಚಿ, ಸರಳನ್ನು ವೈಸಿಗೆ ಸಿಕ್ಕಿಸಿ ಬಗ್ಗಿಸುತ್ತಾರೆ. ಶಾಕಾಬ್ಸರ್ ಮೇಲಿನ ಬೋಲ್ಟ್ ಬಿಚ್ಚಿ, ಅದೇ ಬೋಲ್ಟಿಗೆ ಒಂದು ಪಟ್ಟಿ ಸೇರಿಸಿ ಮತ್ತೆ ಬಿಗಿಯುತ್ತಾರೆ. ಸೀಟಿನಡಿಯ ಚಾಸಿಸ್ಸಿಗೆ ಇನ್ನೆರಡು ಕಾಲು. ಆಮೇಲೆ ಕರಿ ಕನ್ನಡಕ ಹಾಕದೆ, ಮುಖ ಪಕ್ಕಕ್ಕೆ ತಿರುಗಿಸಿ, ನಾಲ್ಕು ಕಡೆ ಟಾಕ. ಕಡೆಗೆ ತಾವೇ ಹತ್ತಿ ಕೂತು ಎರಡು ಸಲ ಕುಪ್ಪಳಿಸುತ್ತಾರೆ. ಅದು ಟೆಸ್ಟಿಂಗ್. "ಎಷ್ಟು ತಡೀತದೆ?" ಎಂದು ಭಾವ ಕೇಳಿದರು. "ನಾನು ಕೂತೆನಲ್ಲ, ಕಾಣ್ಲಿಲ್ವಾ?" ಎಂದರು ಯಜಮಾನರು. ಅವರು ತೊಂಬತ್ತು ಕಿಲೋದ ಆಳು.

ಆದರೆ ಕಬ್ಬಿಣ ತಡೆದುಕೊಳ್ಳುವುದು ಬೇರೆ, ಬೈಕು ತಡೆದುಕೊಳ್ಳುವುದು ಬೇರೆ. ಕ್ಯಾರಿಯರ್ ಇರುವುದು ಹಿಂದಿನ ಚಕ್ರದ ಅಚ್ಚಿನಿಂದಲೂ ಹಿಂದೆ. ಸ್ಪ್ಲೆಂಡರಿನ ಎರಡು ಅಚ್ಚುಗಳ ನಡುವಿನ ದೂರ ಸುಮಾರು 1236 ಮಿಲಿಮೀಟರ್. ಹಿಂದಿನ ಅಚ್ಚಿನಿಂದ ಒಂದಡಿ ಹಿಂದೆ 30 ಕಿಲೋ ಇಟ್ಟರೆ ಹಿಂದಿನ ಟಯರಿನ ಮೇಲೆ ಬೀಳುವುದು 30 ಅಲ್ಲ, 37. ಹೆಚ್ಚಿನ ಏಳು ಕಿಲೋ ಮುಂದಿನ ಚಕ್ರದಿಂದ ಎದ್ದು ಬಂದದ್ದು. ಹಿಡಿಕೆ ಹಗುರವಾಗುತ್ತದೆ. ಮರೋಳಿಯ ಏರಿನಲ್ಲಿ ಗಾಡಿ ಎತ್ತ ಹೋಗಬೇಕೆಂದು ತಾನೇ ಯೋಚಿಸಲು ಶುರುಮಾಡುತ್ತದೆ. ಮುಂದಿನ ಬ್ರೇಕು ಹಿಡಿದರೆ ಟಯರಿಗೆ ನೆಲದ ಮೇಲೆ ಮೊದಲಿನ ಹಿಡಿತ ಸಿಗುವುದಿಲ್ಲ. ರಾತ್ರಿಯಾದರೆ ಹೆಡ್‌ಲೈಟು ರಸ್ತೆ ಬಿಟ್ಟು ತೆಂಗಿನಮರದ ಗೊನೆ ಎಣಿಸುತ್ತದೆ. ಎದುರು ಬರುವವನು ಕಣ್ಣು ಕುರುಡಾಗಿ ನಮ್ಮ ಹಿರಿಯರನ್ನೆಲ್ಲ ನೆನೆಯುತ್ತಾನೆ. ಹೊರೆ ಎತ್ತರಕ್ಕೆ ಪೇರಿಸಿದಷ್ಟೂ ತಿರುವಿನಲ್ಲಿ ಅದು ತನ್ನದೇ ದಾರಿ ಹಿಡಿಯುತ್ತದೆ. ಭಾವನಿಗೆ ಈ ಗಣಿತ ಗೊತ್ತಿರಲಿಲ್ಲ, ಬೇಕಾಗಿರಲೂ ಇಲ್ಲ. "ಹಿಂದೆ ಭಾರ ಇದ್ರೆ ಗಾಡಿ ಆಕಾಶ ನೋಡ್ತದೆ" ಎನ್ನುತ್ತಿದ್ದರು. ಅಷ್ಟು ಹೇಳಿ, ಟ್ಯಾಂಕಿನ ಮೇಲೆ ಇನ್ನೊಂದು ಚೀಲ ಇಟ್ಟು ಸಮ ಮಾಡುತ್ತಿದ್ದರು.

ಈ ವಿದ್ಯೆಯಲ್ಲಿ ನಿಜವಾದ ಪಂಡಿತರೆಂದರೆ ಮೀನಿನವರು. ಒಂದು ಕಾಲಕ್ಕೆ ಮೊಗವೀರ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದರು. ಅವರ ಹಿಂದೆಯೇ ಬಜಾಜ್ ಎಂ80 ಏರಿದ ಗಂಡಸರು ಬಂದರು. ಬೆಳಗಿನ ಜಾವ ಬಂದರಿನ ದಕ್ಕೆಯಲ್ಲಿ ಐಸು ಹಾಕಿ ತುಂಬಿಸಿದ ಪೆಟ್ಟಿಗೆ, ಹಿಡಿಕೆಯಲ್ಲಿ ರಬ್ಬರ್ ಬುಗ್ಗೆಯ ಪೊಂಪೊಂ ಹಾರ್ನು. ಹಿಂದಿನ ಸೀಟು ಅವರು ಮೊದಲೇ ಕಳಚಿಟ್ಟಿರುತ್ತಾರೆ. ಪೆಟ್ಟಿಗೆ ಅಚ್ಚಿನ ಹಿಂದೆ ನೇತಾಡುವುದಿಲ್ಲ. ಸವಾರನ ಬೆನ್ನಿಗೆ ತಾಗಿಕೊಂಡು, ಚಕ್ರದ ನೆತ್ತಿಯ ಮೇಲೆ, ಆದಷ್ಟು ತಗ್ಗಿನಲ್ಲಿ ಕೂತಿರುತ್ತದೆ. ಬೂತಾಯಿ ಮುಗಿದು ಬಂಗುಡೆ ಉಳಿದರೆ ಬಂಗುಡೆಯನ್ನು ಮುಂದಕ್ಕೆ ಸರಿಸುತ್ತಾರೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಗುರುತ್ವ ಕೇಂದ್ರ ಕಲಿತವರು ಇದನ್ನೊಮ್ಮೆ ನಿಂತು ನೋಡಬೇಕು. ಒಂದೇ ತಾಪತ್ರಯ. ಐಸು ಕರಗಿ ಸುರಿಯುವ ಉಪ್ಪುನೀರು ಎಂಥ ಸರಳನ್ನೂ ಒಳಗಿನಿಂದ ತಿನ್ನುತ್ತದೆ. ಹೊರಗೆ ಪೈಂಟು ಹೊಳೆಯುತ್ತಿರುತ್ತದೆ, ಟಾಕ ಹಾಕಿದ ಜಾಗದಲ್ಲಿ ಬೆರಳಿಟ್ಟರೆ ಪುಡಿ. ಮೀನಿನ ನಂಟಿಲ್ಲದ ಗಾಡಿಗೂ ಕಡಲ ಗಾಳಿ ತಪ್ಪಿದ್ದಲ್ಲ. ಅದರ ಮೇಲೆ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿದ ಮಳೆ. ಮಂಗಳೂರಿನಲ್ಲಿ ಕ್ಯಾರಿಯರ್ ಮುರಿಯುವ ಮೊದಲು ನೋಟೀಸು ಕೊಡುವುದಿಲ್ಲ.

ಕಟ್ಟುವ ಹಗ್ಗದ್ದು ಬೇರೆಯೇ ಪುರಾಣ. ಈಗ ಬರುವ, ಎರಡೂ ತುದಿಗೆ ಕೊಕ್ಕೆ ಇರುವ ಬಣ್ಣದ ಇಲಾಸ್ಟಿಕ್ ಹಗ್ಗ ನನಗೆ ಕಂಡರಾಗದು. ಎಳೆದು ಸಿಕ್ಕಿಸುವಾಗ ಕೈ ಜಾರಿದರೆ ಕೊಕ್ಕೆ ನೇರ ಕಣ್ಣಿಗೇ ಬರುತ್ತದೆ. ಸಡಿಲಾಗಿ ಚಕ್ರದ ಕಡ್ಡಿಗೆ ಸುತ್ತಿಕೊಂಡರೆ ಚಕ್ರವೇ ಕಚ್ಚಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಲಾರಿ ಟ್ಯೂಬನ್ನು ಉದ್ದಕ್ಕೆ ಸೀಳಿ ಕೊಡುತ್ತಿದ್ದ ಕಪ್ಪು ಪಟ್ಟಿ ಇತ್ತಲ್ಲ, ಅದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ಕೊಕ್ಕೆ ಇಲ್ಲ, ಗಂಟು ಜಾರುವುದಿಲ್ಲ, ಹಲಸಿನ ಮುಳ್ಳಿಗೂ ಹೆದರುವುದಿಲ್ಲ. ತುಂಡಾದರೆ ತುಂಡಿಗೆ ತುಂಡು ಕಟ್ಟಿದರಾಯಿತು. ಈಗಿನ ಲಾರಿಗಳೂ ಟ್ಯೂಬಿಲ್ಲದ ಟಯರಿಗೆ ಹೋಗಿ ಆ ಪಟ್ಟಿಗೂ ಬರ ಬಂದಿದೆ.

ಸರಕಾರ ಸುಮ್ಮನೆ ಕೂತಿಲ್ಲ. ಹಿಂದೆ ಕೂತವರಿಗೆ ಹಿಡಿಯಲು ಹಿಡಿಕೆ, ಕಾಲಿಡಲು ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಸೀರೆಗೆಂದು ಮಾಡಿದ ಅದರಲ್ಲಿ ನಮ್ಮವರು ಹಾಲಿನ ಕ್ಯಾನು ನೇತುಹಾಕಿ ಗಾಡಿಯನ್ನು ಎಡಕ್ಕೆ ವಾಲಿಸಿಕೊಂಡು ಹೋಗುತ್ತಾರೆ, ಅದಿರಲಿ. 2020ರಲ್ಲಿ ನಿಯಮಕ್ಕೆ ತಿದ್ದುಪಡಿ ತಂದು ಪೆಟ್ಟಿಗೆಗೂ ಅಳತೆ ಹೇಳಿದರು: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು, ಚೌಕಟ್ಟೂ ಸೇರಿ ತೂಕ 30 ಕಿಲೋ ದಾಟಬಾರದು, ಪೆಟ್ಟಿಗೆ ಹಿಂಬದಿ ಸವಾರನ ಜಾಗದಲ್ಲಿ ಇದ್ದರೆ ಹಿಂದೆ ಯಾರನ್ನೂ ಕೂರಿಸಬಾರದು. ನಿಯಮ ಬರೆದವರ ಮನಸ್ಸಿನಲ್ಲಿ ಪಿಜ್ಜಾ ಇದ್ದಿರಬೇಕು. ನಮ್ಮವರಿಗೆ 30 ಕಿಲೋ ಎಂದ ಕೂಡಲೇ ನೆನಪಾದದ್ದು ಗ್ಯಾಸ್ ಸಿಲಿಂಡರ್. 14.2 ಕಿಲೋ ಗ್ಯಾಸಿಗೆ ಅದರ ಕಬ್ಬಿಣದ ತೂಕ ಸೇರಿಸಿದರೆ ಸರಿಸುಮಾರು ಅಷ್ಟೇ ಆಗುತ್ತದೆ. "ಸರಕಾರವೇ ಹೇಳಿದೆ" ಎಂದು ಒಬ್ಬರು ನನ್ನ ಜೊತೆ ವಾದಕ್ಕೇ ನಿಂತರು. ಗುಂಡಗಿನ ಸಿಲಿಂಡರ್ ಅಡ್ಡ ಮಲಗಿದರೆ ಉರುಳುತ್ತದೆ, ನೆಟ್ಟಗೆ ನಿಂತರೆ ಸವಾರನ ಹೆಗಲಿಗೆ ಒರಗುತ್ತದೆ ಎಂಬುದನ್ನು ಅವರು ವಾದಕ್ಕೆ ಸೇರಿಸಿಕೊಳ್ಳಲಿಲ್ಲ.

ಬೈಕು ಮಾಡುವವರ ಲೆಕ್ಕ ಇನ್ನೂ ಸಣ್ಣದು. ಬಜಾಜ್‌ನವರು 2021ರಲ್ಲಿ ಸಿಟಿ 110ಎಕ್ಸ್ ತಂದಾಗ ಹಿಂದಿನ ಕ್ಯಾರಿಯರಿಗೆ 7 ಕಿಲೋ ಎಂದು ಹೇಳಿಯೇ ಮಾರಿದರು. ಅದೂ ಗಟ್ಟಿ ಕ್ಯಾರಿಯರ್ ಎಂಬ ಹೆಗ್ಗಳಿಕೆಯೊಂದಿಗೆ! ಒಂದು ಹದವಾದ ಹಲಸಿನಹಣ್ಣು ಅದಕ್ಕಿಂತ ಹೆಚ್ಚು ತೂಗುತ್ತದೆ. ನಗು ಬಂದರೂ ನಾನು ಕಂಪೆನಿಯ ಪಕ್ಷವೇ. ಅವರು ನೋಡುವುದು ನಿಂತ ಗಾಡಿಯನ್ನಲ್ಲ, ಹಂಪ್ ಹಾರಿ ಬೀಳುವ ಗಾಡಿಯನ್ನು. ಏಳು ಕಿಲೋ ಗುಂಡಿಗೆ ಬಿದ್ದಾಗ ಏಳಾಗಿ ಉಳಿಯುವುದಿಲ್ಲ, ಮತ್ತು ನಮ್ಮ ರಸ್ತೆಯಲ್ಲಿ ಗುಂಡಿಗೆ ಬಡತನವಿಲ್ಲ.

ಈಗ ಪಡೀಲ್ ಬದಲಾಗಿದೆ. ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡ ಪ್ರಜಾಸೌಧ 2025ರ ಮೇ ತಿಂಗಳಲ್ಲಿ ಇಲ್ಲೇ ಉದ್ಘಾಟನೆಯಾಯಿತು. ಅದರ ಮುಂದೆ ಸಾಲಾಗಿ ನಿಲ್ಲುವ ಬೈಕುಗಳಲ್ಲಿ ಕ್ಯಾರಿಯರ್ ಇರುವುದು ಬೆರಳೆಣಿಕೆ. ಹಿಂದಿನ ಸೀಟು ಬೆನ್ನ ಮಟ್ಟಕ್ಕೆ ಎದ್ದು ಚೂಪಾಗಿದೆ. ಅದರ ಮೇಲೆ ಫೈಲೂ ನಿಲ್ಲದು, ಹೆಂಡತಿಯೂ ನೆಮ್ಮದಿಯಿಂದ ಕೂರಳು. ಅಕ್ಕಿ ಮನೆಗೇ ಬರುತ್ತದೆ. ಚೌಕ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡ ಹುಡುಗ ತರುತ್ತಾನೆ. ಅವನ ಹೆಸರು ಫೋನಿನಲ್ಲಿ ಬರುತ್ತದೆ, ಮುಖ ಹೆಲ್ಮೆಟ್ಟಿನೊಳಗೆ ಇರುತ್ತದೆ. ಅವನಿಗೆ "ಒಂದು ಚಾ ಕುಡಿದು ಹೋಗು" ಎಂದರೆ ಗಡಿಯಾರ ನೋಡಿಕೊಳ್ಳುತ್ತಾನೆ. ಭಾವ ಹಲಸು ಇಳಿಸಿದ ಮನೆಗಳಲ್ಲೆಲ್ಲ ಚಾ ಕುಡಿದು, ಎರಡು ಸುದ್ದಿ ಹೇಳಿ, ಮೂರು ಸುದ್ದಿ ತುಂಬಿಸಿಕೊಂಡು ಬರುತ್ತಿದ್ದರು. ಯಾರ ಮಗಳಿಗೆ ಎಲ್ಲಿ ಸಂಬಂಧ ಬಂದಿದೆ, ಯಾರ ಬಾವಿಯಲ್ಲಿ ನೀರು ಇಳಿದಿದೆ ಎಂಬುದೆಲ್ಲ ನಮ್ಮ ಮನೆಗೆ ಬಂದದ್ದು ಆ ಸ್ಪ್ಲೆಂಡರಿನಲ್ಲೇ. ಭಾವ ಈಗ ಇಲ್ಲ. ಅವರ ಗಾಡಿ ಕೊಂಡವನು ಮೊದಲು ಮಾಡಿದ ಕೆಲಸ ಕ್ಯಾರಿಯರ್ ಬಿಚ್ಚಿ ಗುಜರಿಗೆ ಹಾಕಿದ್ದು. ಅವನು ಬುದ್ಧಿವಂತ. ಅವನನ್ನು ಯಾರೂ ಏನೂ ತರಲು ಹೇಳುವುದಿಲ್ಲ.

ಹಾಗಾಗಿ ಮೊನ್ನೆ ಅಕ್ಕನ ಮಗ ಹೊಸ ಗಾಡಿಗೆ ಲಡಾಖ್ ಕ್ಯಾರಿಯರ್ ಹಾಕಿಸಿಕೊಂಡು ಬಂದಾಗ ನನಗೆ ಒಂದು ಬಗೆಯ ಖುಷಿ, ಇನ್ನೊಂದು ಬಗೆಯ ಮರುಕ. ಲಡಾಖ್ ಕ್ಯಾರಿಯರ್ ಎಂದರೆ ಸೀಟಿನ ಎರಡೂ ಪಕ್ಕ ಇಳಿಬಿದ್ದ ಸರಳಿನ ಪಂಜರ; ಅಲ್ಲಿ ಪೆಟ್ರೋಲ್ ಕ್ಯಾನು, ಟೆಂಟು, ಬ್ಯಾಗು ಕಟ್ಟಿಕೊಂಡು ಹುಡುಗರು ಹಿಮಾಲಯಕ್ಕೆ ಹೋಗುತ್ತಾರೆ. ಭಾರ ಎರಡೂ ಕಡೆ ಸಮನಾಗಿ, ತಗ್ಗಿನಲ್ಲಿ ಕೂರುತ್ತದೆ. ಒಳ್ಳೆಯ ಏರ್ಪಾಡೇ. ಇವನಿಗೆ ಲಡಾಖಿಗೆ ಹೋಗಲು ಆಫೀಸಿನಲ್ಲಿ ರಜೆ ಸಿಕ್ಕಿಲ್ಲ. ಗಾಡಿ ತೋರಿಸಲು ಅವನು ಇಲ್ಲೇ ಪಕ್ಕದ ಕಣ್ಣೂರಿನ ದೊಡ್ಡಮ್ಮನ ಮನೆಗೆ ಹೋದ. ನಾನೂ ಹಿಂದೆ ಕೂತಿದ್ದೆ. ದೊಡ್ಡಮ್ಮನಿಗೆ ಮೂರು ದನ. ಅವರು ಗಾಡಿಗೆ ಒಂದು ಸುತ್ತು ಬಂದು, ಸರಳನ್ನು ಅಲ್ಲಾಡಿಸಿ ನೋಡಿ, ತಲೆದೂಗಿದರು.

"ನಾಳೆ ಫರಂಗಿಪೇಟೆಯಿಂದ ಒಂದು ಗೋಣಿ ಹಿಂಡಿ ತರ್ಲಿಕ್ಕೆ ಉಂಟು ಮಗಾ. ಹೇಗೂ ಕ್ಯಾರಿಯರ್ ಉಂಟಲ್ಲ."

"ಅದು ಲಡಾಖಿಗೆ ಹಾಕಿಸಿದ್ದು ದೊಡ್ಡಮ್ಮ."

"ಲಡಾಖಿಗೆ ನೀನು ಹೋಗುವಾಗ ಹೋಗು. ದನಕ್ಕೆ ಹಸಿವೆ ನಾಳೆ ಆಗ್ತದಲ್ಲ?"

ಅವನು ನನ್ನ ಮುಖ ನೋಡಿದ. ನಾನು ತೆಂಗಿನಮರ ನೋಡಿದೆ.

"ಗೋಣಿ ಐವತ್ತು ಕಿಲೋ ಇರ್ತದೆ. ಇದರ ಮೇಲೆ ಏಳು ಕಿಲೋ ಅಂತ ಬರ್ದಿದ್ದಾರೆ, ನೋಡಿ" ಎಂದು ಸರಳಿಗೆ ಅಂಟಿಸಿದ್ದ ಚೀಟಿ ತೋರಿಸಿದ.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. ಅವರದು ಹಳೆಯ ಕಾಲದ ಮಗ್ಗಿ, ಬಾಯಿಯಲ್ಲೇ ಇರುತ್ತದೆ.

"ಹಾಗಾದ್ರೆ ಏಳು ಸಲ ಹೋಗಿ ಬಾ. ಉಳಿದ ಒಂದು ಕಿಲೋ ಕೈಚೀಲದಲ್ಲಿ ತಂದ್ರೆ ಆಯ್ತು."