ಪಿಎಸ್‌ಎ ಬರೆದದ್ದು ಯಾಕೆ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಓದಿ ವಿಮೆಯ ಬಿಲ್ಲಿಗೆ ಕೋಡ್ ಹಾಕುವ ಕೆಲಸಕ್ಕೆ ನಾನು ಸೇರಿದ್ದು ಐಸಿಡಿ-9 ಎಂಬ ರೋಗದ ಕೋಡುಗಳ ಪಟ್ಟಿಯ ಕಾಲದಲ್ಲಿ. ಮೇಜಿನ ಮೇಲೆ ದಪ್ಪ ಪುಸ್ತಕ, ಪುಟಪುಟಕ್ಕೂ ಬಣ್ಣದ ಚೀಟಿ. ಪ್ರಾಸ್ಟೇಟ್ ಕ್ಯಾನ್ಸರ್ ಸ್ಕ್ರೀನಿಂಗ್‌ಗೆ ವಿ76.44, ರಕ್ತದಲ್ಲಿ ಪಿಎಸ್‌ಎ ಎಂಬ ಪ್ರಾಸ್ಟೇಟ್ ಪ್ರೋಟೀನ್ ಹೆಚ್ಚಿದ್ದರೆ 790.93, ಕ್ಯಾನ್ಸರ್ ಖಚಿತವಾದರೆ ಬರೀ 185. ಇವೆಲ್ಲ ಬಾಯಿಪಾಠ. ಕಷ್ಟವಿದ್ದದ್ದು ಚಾರ್ಟಿನಲ್ಲಿ.

ಪಿಎಸ್‌ಎ ರಕ್ತಪರೀಕ್ಷೆ ಅದೇ, ಮಾಡಿಸುವ ಕಾರಣ ಬೇರೆ. ಯಾವ ತೊಂದರೆಯೂ ಇಲ್ಲದವರಿಗೆ ಮುಂಜಾಗ್ರತೆಗೆ ಮಾಡಿಸಿದರೆ ಸ್ಕ್ರೀನಿಂಗ್. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಜಿ0103 ಹಾಕಬೇಕು. ಮೂತ್ರದ ತೊಂದರೆ ಇದೆಯೆಂದು ಮಾಡಿಸಿದರೆ ರೋಗಪತ್ತೆ, 84153. 2000ದ ಜನವರಿಯಿಂದ ಮೆಡಿಕೇರ್ 50 ದಾಟಿದ ಗಂಡಸರಿಗೆ ವರ್ಷಕ್ಕೊಮ್ಮೆ ಸ್ಕ್ರೀನಿಂಗ್ ಖರ್ಚು ಕೊಡುತ್ತಿದೆ. ಹಿಂದಿನ ಪರೀಕ್ಷೆಯ ತಿಂಗಳಾದ ಮೇಲೆ 11 ತಿಂಗಳು ಪೂರ್ತಿ ಕಳೆದಿರಬೇಕು. ಕಾರಣ ತಪ್ಪಾಗಿ ದಾಖಲಾದರೆ ಕ್ಲೇಮ್ ತಿರಸ್ಕಾರವಾಗುತ್ತದೆ, ಒಮ್ಮೊಮ್ಮೆ ಬಿಲ್ಲು ರೋಗಿಯ ಮನೆಗೇ ಹೋಗುತ್ತದೆ.

ಒಂದು ಚಾರ್ಟ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸ್ಕ್ಯಾನ್ ಮಾಡಿದ ಕೈಬರಹ. ಮೇಲೆ ವಾರ್ಷಿಕ ತಪಾಸಣೆ ಎಂದಿದೆ, ಕೊನೆಯಲ್ಲಿ ಪಿಎಸ್‌ಎ. ಅಂಚಿನಲ್ಲಿ ಓರೆಯಾಗಿ, ಇನ್ನೂ ಸಣ್ಣ ಅಕ್ಷರದಲ್ಲಿ: ರಾತ್ರಿ ಮೂತ್ರಕ್ಕೆ ಮೂರು ಸಲ ಏಳುತ್ತಾರೆ. ಡಾಕ್ಟರು ಪರೀಕ್ಷೆ ಬರೆದದ್ದು ವರ್ಷವಾಯಿತೆಂದೋ, ಆ ಮೂರು ಸಲಕ್ಕೋ? "ಊಹೆ ಮಾಡ್ಬೇಡಿ, ಡಾಕ್ಟರಿಗೆ ಕ್ವೆರಿ ಹಾಕಿ," ಎಂದರು ನಮ್ಮ ಟೀಮ್ ಲೀಡ್ ಮೇಡಂ. ಕ್ವೆರಿಯಲ್ಲೂ "ಇದು ಸ್ಕ್ರೀನಿಂಗ್ ತಾನೆ?" ಎಂದು ಉತ್ತರವನ್ನು ಬಾಯಿಗಿಡುವಂತಿಲ್ಲ. ಯಾವ ಕಾರಣಕ್ಕೆ ಎಂದಷ್ಟೇ ಕೇಳಬೇಕು. ತಾರೀಖು, ಸಹಿ ಹಾಕಿದ ಒಂದು ಸಾಲು ಬಂತು: ರಾತ್ರಿ ಏಳುವುದಕ್ಕಾಗಿ. ಸ್ಕ್ರೀನಿಂಗ್ ಅಲ್ಲ. ಚಾರ್ಟ್ ಮುಂದಕ್ಕೆ ಹೋಯಿತು.

2015ರ ಅಕ್ಟೋಬರ್ 1ಕ್ಕೆ ಐಸಿಡಿ-10 ಬಂತು. ಸುಮಾರು 14 ಸಾವಿರವಿದ್ದ ರೋಗದ ಕೋಡುಗಳು 70 ಸಾವಿರದ ಹತ್ತಿರ ಹೋದವು. ವಿ76.44 ಹೋಗಿ ಝಡ್12.5 ಆಯಿತು, 185 ಸಿ61 ಆಯಿತು. ಮರುವರ್ಷ ಪಿಎಸ್‌ಎ ಏರಿಕೆಯ ಕೋಡನ್ನು ಒಡೆದು ಎರಡು ಮಾಡಿದರು: ಸುಮ್ಮನೆ ಹೆಚ್ಚಿದ್ದರೆ ಆರ್97.20, ಕ್ಯಾನ್ಸರ್ ಚಿಕಿತ್ಸೆಯಾದ ಮೇಲೆ ಮತ್ತೆ ಏರುತ್ತಿದ್ದರೆ ಆರ್97.21. ನನಗೆ ಇದು ಬಹಳ ಸರಿ ಅನಿಸಿತು. ಕಾಯಿಲೆ ಇದೆಯೋ ಇಲ್ಲವೋ ಗೊತ್ತಿಲ್ಲದವರನ್ನೂ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರನ್ನೂ ಒಂದೇ ಸಂಖ್ಯೆಯಡಿ ಇಡಬಾರದು.

ಈಗ ಕೈಬರಹವಿಲ್ಲ. ಹಿಂದಿನ ಪಿಎಸ್‌ಎ ಅಂಕಿಗಳೆಲ್ಲ ತಾರೀಖಿನ ಸಮೇತ ಒಂದೇ ಕಡೆ ಕಾಣುತ್ತವೆ. ಆಗ ಇದಕ್ಕೆ ಎಷ್ಟು ಪುಟ ತಿರುವಿದ್ದೇವೆ! ಆದರೆ ಟೆಂಪ್ಲೇಟ್ ತುಂಬಿದ ಚಾರ್ಟ್ ಉದ್ದವಾಗಿದೆ, ಕಾರಣ ಹೂತುಹೋಗಿದೆ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2012ರಲ್ಲಿ ಪಿಎಸ್‌ಎ ಸ್ಕ್ರೀನಿಂಗ್ ಬೇಡವೆಂದಿತ್ತು. 2018ರಲ್ಲಿ 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ತಾವೇ ತೀರ್ಮಾನಿಸಲಿ ಎಂದಿತು. ಆ ಮಾತುಕತೆಯ ದಾಖಲೆಯಾಗಿ ಲಾಭ ಹಾನಿ ಚರ್ಚಿಸಲಾಯಿತು ಎಂಬ ಸಾಲು ಈಗ ಚಾರ್ಟಿನಿಂದ ಚಾರ್ಟಿಗೆ ಅಕ್ಷರ ಬದಲಾಗದೆ ಬರುತ್ತದೆ. ಆ ಮನುಷ್ಯನ ಜೊತೆ ನಿಜಕ್ಕೂ ಮಾತಾಡಿದರೇ, ಅವರು ಏನೆಂದರು ಎಂಬುದು ಅದರಿಂದ ತಿಳಿಯುವುದಿಲ್ಲ. ನನ್ನನ್ನು ಕಾಡುವುದು ಇದೇ. ಆ ಮಾತುಕತೆಯೇ ಅಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ.

ಈಗ ಕೋಡಿಂಗ್ ಸಾಫ್ಟ್‌ವೇರ್ ವಾರ್ಷಿಕ ತಪಾಸಣೆ ಎಂಬ ಪದ ಕಂಡ ಕೂಡಲೇ ಝಡ್12.5 ಸೂಚಿಸುತ್ತದೆ. ವರ್ಷಗಳ ಹಿಂದೆ ನಮೂದಾದ ಪಿಎಸ್‌ಎ ಏರಿಕೆ ಹಳೆಯ ಪಟ್ಟಿಯಿಂದ ನಕಲಾಗಿ ಇವತ್ತಿನ ಭೇಟಿಯಲ್ಲಿ ಕೂತಿರುತ್ತದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಆ ಸೂಚನೆಯ ಕಿಟಕಿ ಮುಚ್ಚಿಸಿ, ಯಾವ ಸಾಲು ಇವತ್ತಿನದು, ಯಾವುದು ಹಳೆಯದು ಎಂದು ಗುರುತು ಹಾಕಿಸುತ್ತೇನೆ. ಸಿಗದಿದ್ದರೆ ಕ್ವೆರಿ. ಈಗ ಅದಕ್ಕೊಂದು ಬಟನ್ ಇದೆ, ಉತ್ತರ ಬರುವವರೆಗೆ ಚಾರ್ಟ್ ಹೋಲ್ಡ್‌ನಲ್ಲಿರುತ್ತದೆ.